ಹತ್ತು ಪಿನ್ನಿನ ಲೆಕ್ಕ ಯಾರ ಕೈಯಲ್ಲಿ?

ದುಡಿಯಲು ಬೆಂಗಳೂರಿಗೆ ಹೋದ ಹುಡುಗರ ವಾಟ್ಸಾಪ್ ಸ್ಟೇಟಸ್‌ನಲ್ಲಿ ಈಗೀಗ ಒಂದು ವಿಡಿಯೊ ಪದೇ ಪದೇ ಕಾಣುತ್ತದೆ. ಮಾಲ್‌ನೊಳಗೆ ಮಿರಿಮಿರಿ ಮಿಂಚುವ ಹಾದಿ, ಮೂರು ತೂತಿನ ಭಾರದ ಚೆಂಡು, ಹಾದಿಯ ಕೊನೆಯಲ್ಲಿ ಬಿಳಿ ಬಾಟಲಿಯಂಥ ಪಿನ್ನುಗಳು. ಚೆಂಡು ಉರುಳಿ ಹೋಗಿ ಧಡಾರ್ ಎಂದು ಬಡಿಯುತ್ತದೆ. ಗೆಳೆಯರು ಕೂಗುತ್ತಾರೆ. ಮೇಲಿನ ಟಿವಿಯಲ್ಲಿ ಹುಡುಗನ ಹೆಸರಿನ ಮುಂದೆ ಒಂದು ಎಕ್ಸ್ ಗುರುತು ಬೀಳುತ್ತದೆ. ಎಣಿಸಿದವರು ಮಾತ್ರ ಎಲ್ಲೂ ಕಾಣುವುದಿಲ್ಲ.

ನಮ್ಮ ಓದುಗರೊಬ್ಬರು ನೇರವಾಗಿಯೇ ಕೇಳಿದರು: "ಗೋಡೆ ಹಿಂದೆ ಯಾರಾದ್ರೂ ಕೂತು ಎಣಿಸ್ತಾರಾ?" ಈಗ ಯಾರೂ ಇಲ್ಲ. ಹಿಂದೆ ಇದ್ದರು, ಅದೂ ಮಕ್ಕಳು. ಆ ಕಥೆಗೆ ಆಮೇಲೆ ಬರುತ್ತೇವೆ. ಈಗ ಎಣಿಸುವುದು ಕಣ್ಣಿಗೆ ಕಾಣದ ಬೆಳಕಿನ ಕಿರಣ, ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್. ಇವು ಹೇಗೆ ಕೆಲಸ ಮಾಡುತ್ತವೆ ಎಂದು ಹೇಳಿ ಮುಗಿಸೋಣ ಅಂತಲೇ ಬರೆಯಲು ಕೂತೆವು. ಬರೆಯುತ್ತಾ ಹೋದಂತೆ ಒಂದು ಅಭಿಪ್ರಾಯ ಗಟ್ಟಿಯಾಯಿತು. ಯಂತ್ರ ಎಣಿಸುವುದು ಒಳ್ಳೆಯದೇ. ಆದರೆ ಅದರ ಎದುರು ಲೆಕ್ಕ ಬಲ್ಲವರು ನಿಂತಿರಬೇಕು, ತಿದ್ದುವ ಗುಂಡಿ ಅವರ ಕೈಗೆ ಎಟುಕುವಂತಿರಬೇಕು.

ಮೊದಲು ಆಟ ತಿಳಿದುಕೊಳ್ಳೋಣ. ಬೌಲಿಂಗ್ ಅಂದರೆ ನಮಗೆ ಕ್ರಿಕೆಟ್ಟೇ ನೆನಪಾಗುವುದು. ಇದು ಟೆನ್‌ಪಿನ್ ಬೌಲಿಂಗ್, ಅಮೆರಿಕದಲ್ಲಿ ಬೆಳೆದ ಆಟ. 1895ರಲ್ಲಿ ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಎಂಬ ಸಂಸ್ಥೆ ಹುಟ್ಟಿ, ಊರಿಗೊಂದು ರೀತಿ ಇದ್ದ ಆಟಕ್ಕೆ ಒಂದೇ ಅಳತೆ, ಒಂದೇ ನಿಯಮ ತಂದಿತು. ಚೆಂಡು ಬಿಡುವ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಹಾದಿಯ ಅಗಲ ಹತ್ತಿರ ಹತ್ತಿರ ಮೂರೂವರೆ ಅಡಿ. ಈ ಹಾದಿಗೆ ಲೇನ್ ಎನ್ನುತ್ತಾರೆ. ಎರಡೂ ಬದಿಗೆ ಚೆಂಡು ಜಾರಿ ಬೀಳುವ ಕಾಲುವೆ. ಪಿನ್ 15 ಇಂಚು ಎತ್ತರ, ತೂಕ ಒಂದೂವರೆ ಕೆ.ಜಿ.ಗಿಂತ ಚೂರು ಹೆಚ್ಚು. ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು, ಕೊನೆಗೆ ನಾಲ್ಕು, ಹೀಗೆ ಹತ್ತು ಪಿನ್ ತ್ರಿಕೋನವಾಗಿ ನಿಲ್ಲುತ್ತವೆ. ಚೆಂಡು 16 ಪೌಂಡ್ ಮೀರಬಾರದು, ಅಂದರೆ ಸುಮಾರು ಏಳೂಕಾಲು ಕೆ.ಜಿ. ಒಂದು ಆಟಕ್ಕೆ ಹತ್ತು ಸರದಿ. ಪ್ರತಿ ಸರದಿಗೆ ಎರಡು ಚೆಂಡು. ಅಷ್ಟೇ ಆಟ. ಲಗೋರಿ ಆಡಿದವರಿಗೆ ಇದರ ಖುಷಿ ಬೇರೆ ಹೇಳಬೇಕಿಲ್ಲ.

ಈಗ ಒಂದು ಚೆಂಡಿನ ಜೊತೆ ಹೋಗೋಣ.

ಚೆಂಡು ಬಿಡುವ ಗೆರೆಗೆ ಫೌಲ್ ಗೆರೆ ಎಂದು ಹೆಸರು. ಕ್ರಿಕೆಟ್‌ನ ನೋಬಾಲ್ ಗೆರೆ ಇದ್ದ ಹಾಗೆ, ಕಾಲು ಇದನ್ನು ಮುಟ್ಟಬಾರದು, ದಾಟಬಾರದು. ಗೆರೆಯ ಮೇಲೆ ಆ ಬದಿಯಿಂದ ಈ ಬದಿಗೆ ಒಂದು ಬೆಳಕಿನ ಕಿರಣ ಹಾದುಹೋಗುತ್ತದೆ. ಕಾಲು ಅಡ್ಡ ಬಂದರೆ ಕಿರಣ ಕಡಿಯುತ್ತದೆ, ಬಜರ್ ಕೂಗುತ್ತದೆ, ಪರದೆಯಲ್ಲಿ ಎಫ್ ಅಕ್ಷರ ಬರುತ್ತದೆ. ಆ ಚೆಂಡಿಗೆ ಎಷ್ಟೇ ಪಿನ್ ಬಿದ್ದಿರಲಿ, ಅಂಕ ಸೊನ್ನೆ. ಮಾಲ್‌ಗಳಲ್ಲಿ ಮೋಜಿಗೆ ಆಡುವವರ ಮುಂದೆ ಎಷ್ಟೋ ಕಡೆ ಇದನ್ನು ಆರಿಸಿಯೇ ಇಟ್ಟಿರುತ್ತಾರೆ. ದುಡ್ಡು ಕೊಟ್ಟು ಬಂದವರಿಗೆ ಪ್ರತಿ ಸಲ ಬಜರ್ ಬಾರಿಸಿದರೆ ಮತ್ತೆ ಬಂದಾರೆಯೇ?

ಚೆಂಡು ಮುಂದೆ ಹೋಗುತ್ತದೆ. ಗಂಟೆಗೆ 26 ಕಿ.ಮೀ. ವೇಗವಿದ್ದರೆ 60 ಅಡಿ ದಾಟಲು ಎರಡೂವರೆ ಸೆಕೆಂಡು ಸಾಕು. ಪಿನ್ನುಗಳಿಗೆ ಸ್ವಲ್ಪ ಮೊದಲು ಲೇನ್‌ಗೆ ಅಡ್ಡಲಾಗಿ ಇನ್ನೊಂದು ಕಿರಣ ಕಾದಿರುತ್ತದೆ. ಚೆಂಡು ಅದನ್ನು ಕಡಿದ ಕೂಡಲೇ "ಬಂತು" ಎಂಬ ಸುದ್ದಿ ಯಂತ್ರಕ್ಕೂ ಕಂಪ್ಯೂಟರಿಗೂ ಹೋಗುತ್ತದೆ. ಕೆಲವು ಕಡೆ ಇಂಥ ಎರಡು ಕಿರಣಗಳನ್ನು ಗೊತ್ತಾದ ಅಂತರದಲ್ಲಿ ಇಟ್ಟಿರುತ್ತಾರೆ. ಒಂದನ್ನು ಕಡಿದು ಇನ್ನೊಂದನ್ನು ಕಡಿಯಲು ಎಷ್ಟು ಹೊತ್ತಾಯಿತು ಎಂದು ನೋಡಿ, ಅಂತರವನ್ನು ಹೊತ್ತಿನಿಂದ ಭಾಗಿಸಿದರೆ ವೇಗ ಸಿಕ್ಕಿತು. ಟಿವಿಯಲ್ಲಿ ಬರುವ ವೇಗದ ಅಂಕಿ ಇಷ್ಟೇ, ಏಳನೇ ತರಗತಿಯ ಲೆಕ್ಕ.

ಆಮೇಲೆ ಕ್ಯಾಮೆರಾದ ಸರದಿ. ಇಲ್ಲಿ ಬಹಳ ಮಂದಿ ಅಂದುಕೊಳ್ಳುವುದೇ ಒಂದು, ನಡೆಯುವುದೇ ಇನ್ನೊಂದು. ಪಿನ್ ಬೀಳುವುದನ್ನು ಕ್ಯಾಮೆರಾ ಎಣಿಸುವುದಿಲ್ಲ. ಬಿದ್ದು ಮುಗಿದ ಮೇಲೆ ನಿಂತಿರುವುದನ್ನು ಎಣಿಸಿ ಹತ್ತರಲ್ಲಿ ಕಳೆಯುತ್ತದೆ. ಸಂಜೆ ದೊಡ್ಡಿಗೆ ಬಂದ ಕುರಿ ಎಣಿಸಿ ಎಷ್ಟು ತಪ್ಪಿಸಿಕೊಂಡವು ಎಂದು ಕುರಿಗಾಹಿ ಹೇಳುವ ಹಾಗೆ. ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಲೇನ್‌ಗೆ ಒಂದು ಕ್ಯಾಮೆರಾ, ನಡುವಿನ ಕಟ್ಟೆಯ ಮೇಲೆ ಪಿನ್ನುಗಳ ಕಡೆ ಮುಖ ಮಾಡಿ ಕೂತಿರುತ್ತದೆ. ಅದನ್ನು ಕೂರಿಸುವ ದಿನ ತಂತ್ರಜ್ಞರು ಹತ್ತೂ ಪಿನ್ ನಿಲ್ಲಿಸಿ, ಚಿತ್ರದಲ್ಲಿ ಒಂದನೆಯದು ಇಲ್ಲಿ, ಎರಡನೆಯದು ಇಲ್ಲಿ ಎಂದು ಹತ್ತು ಜಾಗ ಗುರುತು ಹಾಕಿಕೊಡುತ್ತಾರೆ. ಆಮೇಲೆ ಕಂಪ್ಯೂಟರಿಗೆ ಉಳಿಯುವ ಕೆಲಸ ಒಂದೇ: ಆ ಹತ್ತು ಜಾಗದಲ್ಲಿ ಬಿಳುಪು ಇದೆಯೋ, ಹಿಂದಿನ ಕಪ್ಪು ಪರದೆ ಕಾಣುತ್ತಿದೆಯೋ? ಬಿಳುಪಿದ್ದರೆ ಪಿನ್ ನಿಂತಿದೆ. ಕಪ್ಪಾಗಿದ್ದರೆ ಬಿದ್ದಿದೆ. ಪಿನ್ನುಗಳ ಮೇಲಿನ ದೀಪ ಮಂಕಾದರೆ, ಕ್ಯಾಮೆರಾದ ಗಾಜಿಗೆ ದೂಳು ಕೂತರೆ, ಯಾರೋ ತಗುಲಿ ಅದು ಒಂದಿಷ್ಟು ವಾಲಿದರೆ ಲೆಕ್ಕ ಕೆಡುತ್ತದೆ.

ಇಷ್ಟರಲ್ಲಿ ಹಿಂದಿನ ದೊಡ್ಡ ಯಂತ್ರ ಎದ್ದಿರುತ್ತದೆ. ಇದಕ್ಕೆ ಪಿನ್‌ಸೆಟರ್ ಎನ್ನುತ್ತಾರೆ. ಮೊದಲು ಒಂದು ಅಡ್ಡಪಟ್ಟಿ ಇಳಿದು ಪಿನ್ನುಗಳ ಮುಂದೆ ತಡೆಯಾಗುತ್ತದೆ. ಮೇಲಿಂದ ಒಂದು ಚೌಕಟ್ಟು ಇಳಿದು, ನಿಂತಿರುವ ಪಿನ್ನುಗಳ ಕತ್ತು ಹಿಡಿದು ಎತ್ತುತ್ತದೆ. ಅಡ್ಡಪಟ್ಟಿ ಬಿದ್ದ ಪಿನ್ನುಗಳನ್ನು ಕಸ ಗುಡಿಸಿದ ಹಾಗೆ ಹಿಂದಕ್ಕೆ ಗುಡಿಸುತ್ತದೆ. ಎತ್ತಿದ ಪಿನ್ನುಗಳು ಎಲ್ಲಿದ್ದವೋ ಅಲ್ಲಿಗೇ ಇಳಿಯುತ್ತವೆ. ಗುಂಡಿಗೆ ಬಿದ್ದ ಪಿನ್ನುಗಳನ್ನು ಯಂತ್ರವೇ ಮೇಲೆತ್ತಿ ಮುಂದಿನ ಸರದಿಗೆ ಜೋಡಿಸಿಡುತ್ತದೆ. ಚೆಂಡು ಕೆಳಗಿನ ದಾರಿಯಲ್ಲಿ ಉರುಳಿ ಆಡಿದವರ ಬಳಿಗೇ ವಾಪಸ್ ಬರುತ್ತದೆ. ಕೆಲವು ಮಾದರಿಗಳಲ್ಲಿ ಕ್ಯಾಮೆರಾ ಬೇಕಾಗುವುದೇ ಇಲ್ಲ. ಚೌಕಟ್ಟು ಇಳಿದಾಗ ನಿಂತಿರುವ ಪಿನ್ನಿನ ತಲೆ ಒಂದು ಸ್ವಿಚ್ ಒತ್ತುತ್ತದೆ. ಎಷ್ಟು ಸ್ವಿಚ್ ಒತ್ತಿದವೋ ಅಷ್ಟು ಪಿನ್ ನಿಂತಿವೆ ಎಂದು ಲೆಕ್ಕ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಗೆ ಗೊತ್ತಾಗದೇ ಇರುವುದು ಏನು? ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ ಭಾಗ ಇದೇ.

ಚೆಂಡು ತಗುಲಿ ಪಿನ್ ಬೀಳದೆ ನಾಲ್ಕು ಬೆರಳು ಪಕ್ಕಕ್ಕೆ ಜರುಗಿ ನಿಂತಿತು ಎಂದುಕೊಳ್ಳಿ. ನಿಯಮದ ಪ್ರಕಾರ ಅದು ಬಿದ್ದಿಲ್ಲ. ಆದರೆ ಗುರುತು ಹಾಕಿದ ಜಾಗ ಕಪ್ಪಾಗಿ ಕಂಡರೆ ಕ್ಯಾಮೆರಾ ಬಿತ್ತು ಎಂದೀತು. ಇದಕ್ಕೆ ಉಲ್ಟಾ ಇನ್ನೊಂದಿದೆ. ಪಿನ್ ಹಾರಿ ಹೋಗಿ ಬದಿಯ ಗೋಡೆಗೆ ಒರಗಿಕೊಂಡಿದೆ. ನೋಡುವವರ ಕಣ್ಣಿಗೆ ಅರ್ಧ ನಿಂತ ಹಾಗಿದೆ. ನಿಯಮದಲ್ಲಿ ಅದು ಬಿದ್ದ ಪಿನ್ನೇ. ಇನ್ನು ಕೆಲವೊಮ್ಮೆ ಚೌಕಟ್ಟು ಇಳಿಯುವಾಗ ಯಂತ್ರವೇ ಪಿನ್ ತಳ್ಳಿ ಕೆಡವುತ್ತದೆ. ಅದು ಆಟಗಾರನ ಲೆಕ್ಕಕ್ಕೆ ಸೇರಬಾರದು, ಪಿನ್ ಮತ್ತೆ ನಿಲ್ಲಿಸಬೇಕು.

ಇನ್ನೂ ಸೂಕ್ಷ್ಮವಾದದ್ದು ಕಾಲುವೆ ಚೆಂಡು. ಚೆಂಡು ಕಾಲುವೆಗೆ ಬಿತ್ತು, ಅಲ್ಲಿಂದ ಪುಟಿದು ಮೇಲೆ ಬಂದು ಒಂದು ಪಿನ್ ಕೆಡವಿತು. ನಿಯಮ ಹೇಳುವುದು ಸೊನ್ನೆ. ಚೆಂಡು ಹಿಂದಿನ ದಿಂಬಿಗೆ ಬಡಿದು ತಿರುಗಿ ಬಂದು ಪಿನ್ ಕೆಡವಿದರೂ ಸೊನ್ನೆ. ಆದರೆ ಹಾರಿದ ಪಿನ್ ಗೋಡೆಗೆ ಬಡಿದು ಬಂದು ಇನ್ನೊಂದು ಪಿನ್ ಕೆಡವಿದರೆ ಅದು ಲೆಕ್ಕಕ್ಕುಂಟು. ಮೂರರಲ್ಲೂ ಕೊನೆಗೆ ಪಿನ್ ಬಿದ್ದಿದೆ, ಮೂರರಲ್ಲೂ ಕ್ಯಾಮೆರಾಕ್ಕೆ ಕಾಣುವುದು ಒಂದೇ ಕಪ್ಪು ಜಾಗ. ಪಿನ್ ಹೇಗೆ ಬಿತ್ತು ಎಂಬುದು ಅಲ್ಲಿ ನಿಂತು ನೋಡಿದವರಿಗೆ ಮಾತ್ರ ಗೊತ್ತು.

ಆದ್ದರಿಂದಲೇ ಆಟಗಾರರ ಮುಂದಿನ ಮೇಜಿನಲ್ಲೋ ಕೌಂಟರಿನಲ್ಲೋ ತಿದ್ದುವ ವ್ಯವಸ್ಥೆ ಇರುತ್ತದೆ. ಯಾರು, ಯಾವ ಸರದಿ, ಎಷ್ಟನೇ ಚೆಂಡು ಎಂದು ಆರಿಸಿ, ಯಾವ ಪಿನ್ ನಿಂತಿತ್ತು ಎಂದು ಒತ್ತಿದರೆ ಮುಗಿಯಿತು. ಮುಂದಿನ ಎಲ್ಲ ಮೊತ್ತವನ್ನೂ ಕಂಪ್ಯೂಟರ್ ಹೊಸದಾಗಿ ಕೂಡಿಕೊಳ್ಳುತ್ತದೆ. ಇಡೀ ವ್ಯವಸ್ಥೆಯಲ್ಲಿ ನಮಗೆ ತುಂಬಾ ಮೆಚ್ಚುಗೆಯಾದದ್ದು ಕಿರಣವೂ ಅಲ್ಲ, ಕ್ಯಾಮೆರಾವೂ ಅಲ್ಲ. ಈ ಗುಂಡಿ.

ಹಾಗಿದ್ದರೆ ಗುಂಡಿ ಒತ್ತಿ ಎಂದು ಹೇಳಬೇಕಾದವರು ಯಾರು? ಲೆಕ್ಕ ಗೊತ್ತಿರುವವರು. ಬೌಲಿಂಗಿನ ಲೆಕ್ಕ ಬಿದ್ದ ಪಿನ್ ಕೂಡಿದಷ್ಟು ಸುಲಭವಲ್ಲ. ಅದರಲ್ಲಿ ಒಂದು ಸಾಲದ ಲೆಕ್ಕವಿದೆ.

ಒಂದೇ ಚೆಂಡಿಗೆ ಹತ್ತೂ ಬಿದ್ದರೆ ಸ್ಟ್ರೈಕ್. ಪರದೆಯಲ್ಲಿ ಎಕ್ಸ್. ಅದಕ್ಕೆ 10, ಜೊತೆಗೆ ಮುಂದಿನ ಎರಡು ಚೆಂಡುಗಳಲ್ಲಿ ಬಿದ್ದಷ್ಟು. ಎರಡು ಚೆಂಡು ಸೇರಿ ಹತ್ತು ಬಿದ್ದರೆ ಸ್ಪೇರ್. ಪರದೆಯಲ್ಲಿ ಒಂದು ಓರೆ ಗೆರೆ. ಅದಕ್ಕೆ 10, ಜೊತೆಗೆ ಮುಂದಿನ ಒಂದು ಚೆಂಡಿನಲ್ಲಿ ಬಿದ್ದಷ್ಟು. ಅಂದರೆ ಸ್ಟ್ರೈಕ್ ಹೊಡೆದ ಗಳಿಗೆಯಲ್ಲಿ ನಿಮ್ಮ ಅಂಕ ಎಷ್ಟು ಎಂದು ಯಾರೂ ಹೇಳಲಾರರು, ಕಂಪ್ಯೂಟರ್ ಕೂಡ. ಅದು ಎಕ್ಸ್ ಹಾಕಿ ಮೊತ್ತದ ಜಾಗ ಖಾಲಿ ಬಿಟ್ಟು ಕಾಯುತ್ತದೆ. ಟಿವಿ ಕೆಟ್ಟಿತೇನೋ ಎಂದು ಹೊಸಬರು ಗಾಬರಿಯಾಗುವುದು ಇಲ್ಲೇ.

ಒಂದು ಉದಾಹರಣೆ ನೋಡಿ. ಬೇಕಾದರೆ ಕಾಗದ ತೆಗೆದುಕೊಳ್ಳಿ. ಮೊದಲ ಸರದಿ ಸ್ಟ್ರೈಕ್. ಎರಡನೆಯದರಲ್ಲಿ 7, ಆಮೇಲೆ 2. ಈಗ ಮೊದಲ ಸರದಿ 10ಕ್ಕೆ 9 ಸೇರಿ 19. ಎರಡನೇ ಸರದಿಯ 9 ಕೂಡಿದರೆ 28. ಮೂರನೆಯದರಲ್ಲಿ 6, ಆಮೇಲೆ ಉಳಿದ 4, ಅಂದರೆ ಸ್ಪೇರ್. ಮೊತ್ತ ಖಾಲಿ. ನಾಲ್ಕನೆಯದರ ಮೊದಲ ಚೆಂಡಿಗೆ 8 ಬಿದ್ದವು. ಈಗ ಮೂರನೇ ಸರದಿಗೆ 10ಕ್ಕೆ 8 ಸೇರಿ 18, ಮೊತ್ತ 46. ನಾಲ್ಕನೆಯದರ ಎರಡನೇ ಚೆಂಡಿಗೆ 1. ಆ ಸರದಿಯ 9 ಸೇರಿ ಮೊತ್ತ 55.

ಹೀಗೇ ಹತ್ತು ಸರದಿ. ಹತ್ತನೆಯದರಲ್ಲಿ ಸ್ಟ್ರೈಕ್ ಅಥವಾ ಸ್ಪೇರ್ ಬಿದ್ದರೆ ಸಾಲ ತೀರಿಸಲು ಹೆಚ್ಚುವರಿ ಚೆಂಡು ಕೊಡುತ್ತಾರೆ. ಆದ್ದರಿಂದ ಪೂರ್ತಿ ಆಟ ಎಂದರೆ ಸಾಲಾಗಿ 12 ಸ್ಟ್ರೈಕ್, ಮೊತ್ತ 300. ಅದಕ್ಕಿಂತ ಮೇಲೆ ಇಲ್ಲ.

ಈ ಲೆಕ್ಕದ ರುಚಿ ತಿಳಿಯಲು ಇನ್ನೊಂದು ಹೋಲಿಕೆ ಸಾಕು. ಒಬ್ಬ ಪ್ರತಿ ಸರದಿಯ ಮೊದಲ ಚೆಂಡಿಗೆ 9 ಕೆಡವಿ, ಉಳಿದ ಒಂದನ್ನು ಪ್ರತಿ ಸಲವೂ ತಪ್ಪಿಸಿಕೊಂಡ. ಅವನ ಮೊತ್ತ 90. ಇನ್ನೊಬ್ಬ ಅದೇ ರೀತಿ 9 ಕೆಡವಿ, ಉಳಿದ ಒಂದನ್ನು ಪ್ರತಿ ಸಲವೂ ಬೀಳಿಸಿದ, ಕೊನೆಯ ಹೆಚ್ಚುವರಿ ಚೆಂಡಿಗೂ 9 ಕೆಡವಿದ. ಅವನ ಮೊತ್ತ 190. ಸರದಿಗೊಂದು ಪಿನ್ನಿನ ವ್ಯತ್ಯಾಸ ಆಟದ ಕೊನೆಗೆ ನೂರು ಅಂಕ! ಕ್ಯಾಮೆರಾ ಒಂದು ಪಿನ್ ತಪ್ಪು ಎಣಿಸಿದರೆ ಏನಾಗುತ್ತದೆ ಎಂಬುದೂ ಇದರಲ್ಲೇ ಇದೆ. ಸ್ಪೇರ್ ಆಗಿದ್ದು ಸ್ಪೇರ್ ಅಲ್ಲ ಎಂದಾದರೆ ಹೋಗುವುದು ಒಂದು ಅಂಕವಲ್ಲ, ಮುಂದಿನ ಚೆಂಡಿನಿಂದ ಬರಬೇಕಿದ್ದ ಅಂಕವೂ ಹೋಗುತ್ತದೆ.

ಗೋಡೆಯ ಹಿಂದಿನ ಮಕ್ಕಳ ಕಥೆಗೆ ಈಗ ಬರೋಣ. ಯಂತ್ರ ಬರುವ ಮೊದಲು ಪಿನ್ ನಿಲ್ಲಿಸುವುದು, ಚೆಂಡು ಎತ್ತಿ ವಾಪಸ್ ಉರುಳಿಸುವುದು ಹುಡುಗರ ಕೆಲಸವಾಗಿತ್ತು. ಅವರಿಗೆ ಪಿನ್ ಬಾಯ್ ಎಂದೇ ಹೆಸರು. ಲೇನ್‌ನ ಕೊನೆಯ ಗುಂಡಿಯ ಬಳಿ ಕೂತು, ಚೆಂಡು ಬಂದಾಗ ಕಾಲು ಮೇಲೆತ್ತಿಕೊಂಡು, ಬಡಿದ ಕೂಡಲೇ ಕೆಳಗೆ ಹಾರಿ ಪಿನ್ ಜೋಡಿಸಬೇಕು. ಏಳು ಕೆ.ಜಿ. ಚೆಂಡು, ಹಾರುವ ಪಿನ್ನುಗಳು, ಅವಸರ ಮಾಡುವ ಗಿರಾಕಿಗಳು. ಅಮೆರಿಕದ ಛಾಯಾಗ್ರಾಹಕ ಲೂಯಿಸ್ ಹೈನ್ ಬಾಲಕಾರ್ಮಿಕರ ಫೋಟೊ ತೆಗೆಯುತ್ತಾ ಊರೂರು ತಿರುಗಿದವರು. 1910ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ರಾತ್ರಿ ಒಂದು ಗಂಟೆಗೆ ಕೆಲಸದಲ್ಲಿದ್ದ ಪಿನ್ ಬಾಯ್‌ಗಳ ಫೋಟೊ ತೆಗೆದರು. ಇವರಿಗಿಂತ ಚಿಕ್ಕ ಮೂವರನ್ನು ಮಾಲೀಕ ಫೋಟೊಕ್ಕೆ ಬಾರದಂತೆ ದೂರ ಇಟ್ಟ ಎಂಬುದನ್ನೂ ಅದರ ಅಡಿಬರಹದಲ್ಲಿ ಬರೆದಿಟ್ಟರು. ವರದಿಗಾರಿಕೆ ಓದಿದ ನಮಗೆ ಆ ಅಡಿಬರಹ ಫೋಟೊದಷ್ಟೇ ದೊಡ್ಡದಾಗಿ ಕಾಣುತ್ತದೆ.

ಈ ಕೆಲಸ ಮಾಡುವ ಯಂತ್ರವನ್ನು ಕಂಡುಹಿಡಿದವರು ಫ್ರೆಡ್ ಸ್ಮಿಟ್. ಪಿನ್ ಎತ್ತಲು ಗಾಳಿ ಎಳೆಯುವ ಹೀರುಗೊಳವೆ ಬಳಸಿ ಶುರು ಮಾಡಿದ್ದರು. ಎಎಂಎಫ್ ಎಂಬ ಕಂಪನಿ ಅದರ ಹಕ್ಕು ಕೊಂಡು ಬೆಳೆಸಿ, 1946ರಲ್ಲಿ ಬಫಲೊ ಊರಿನಲ್ಲಿ ಜನರ ಮುಂದೆ ಇಟ್ಟಿತು. 1950ರ ದಶಕದ ಆರಂಭದಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಎದುರಾಳಿ ಕಂಪನಿ ಬ್ರನ್ಸ್‌ವಿಕ್ ಕೂಡ ಅದೇ ದಶಕದಲ್ಲಿ ತನ್ನದನ್ನು ತಂದಿತು. ಪಿನ್ ಬಾಯ್ ಕೆಲಸ ಹೋಯಿತು. ಯಂತ್ರ ಬಂದು ಕೆಲಸ ಹೋಯಿತು ಎಂದಾಗಲೆಲ್ಲ ಮರುಗುವ ಅಭ್ಯಾಸ ನಮ್ಮ ಬಳಗಕ್ಕಿದೆ. ಈ ಕೆಲಸಕ್ಕೆ ಮಾತ್ರ ಮರುಗುವುದಿಲ್ಲ. ಮಕ್ಕಳು ರಾತ್ರಿ ಒಂದು ಗಂಟೆಗೆ ಮಲಗಿರಬೇಕು.

ಆದರೆ ಲೆಕ್ಕ ಬರೆಯುವುದು ಇನ್ನೂ ಕೈಯಲ್ಲೇ ಉಳಿದಿತ್ತು. ಆಡುವವರಲ್ಲೇ ಒಬ್ಬರು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಬರೆದ ಹಾಳೆಯನ್ನು ಬೆಳಕಿನ ಪೆಟ್ಟಿಗೆಯಿಂದ ಮೇಲಿನ ಪರದೆಗೆ ಬಿಡುವ ಏರ್ಪಾಟೂ ಬಂತು. ಎಲ್ಲರಿಗೂ ಕಾಣುವಂತೆ ಬರೆಯಬೇಕು, ತಪ್ಪಿದರೆ ಹಿಂದಿನಿಂದ ಕೂಗು ಬರುತ್ತಿತ್ತು. 1970ರ ದಶಕದಲ್ಲಿ ಕಂಪ್ಯೂಟರ್ ಈ ಪೆನ್ಸಿಲನ್ನೂ ತೆಗೆದುಕೊಂಡಿತು. ಮೊದಮೊದಲು ಆಟಗಾರರು ಅದರ ಲೆಕ್ಕ ನಂಬಲಿಲ್ಲ. ಈಗ ಯಾರೂ ಅನುಮಾನಿಸುವುದೇ ಇಲ್ಲ. ನಮಗೆ ಮೊದಲಿನವರೇ ಇಷ್ಟ.

ಇದಕ್ಕೆ ಎದುರು ವಾದವೂ ಇದೆ, ಅದು ಸಣ್ಣದಲ್ಲ. ಸ್ಟ್ರೈಕು, ಸ್ಪೇರಿನ ಲೆಕ್ಕಕ್ಕೆ ಹೆದರಿ ದೂರ ನಿಂತಿದ್ದ ಎಷ್ಟೋ ಜನ ಕಂಪ್ಯೂಟರ್ ಬಂದ ಮೇಲೆ ಆಡಲು ಬಂದರು. ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದ ನಮ್ಮೂರ ಹುಡುಗ ಅವನ ಜೊತೆಯವರ ಸಮಕ್ಕೆ ನಿಂತು ಚೆಂಡು ಬಿಡುತ್ತಾನೆ, ಲೆಕ್ಕ ಬರುತ್ತದೆಯೇ ಎಂದು ಯಾರೂ ಅವನನ್ನು ಕೇಳುವುದಿಲ್ಲ. ಅದು ಒಳ್ಳೆಯದು. ಮೋಜಿಗೆ ಹೋದವರು ಕಾಗದ ಪೆನ್ಸಿಲ್ ಹಿಡಿದು ಕೂರಲಿ ಎಂದು ನಾವು ಹೇಳುತ್ತಿಲ್ಲ. ಚಿನ್ನಿದಾಂಡು ನೆನಪು ಮಾಡಿಕೊಳ್ಳಿ. ಚಿನ್ನಿ ಹೊಡೆದವನು "ಇಪ್ಪತ್ತು" ಎಂದು ಕೇಳುತ್ತಾನೆ. ಎದುರಿನವರಿಗೆ ಅಷ್ಟಿಲ್ಲ ಅನಿಸಿದರೆ "ಅಳಿ ನೋಡೋಣ" ಎನ್ನುತ್ತಾರೆ. ದಾಂಡು ನೆಲಕ್ಕಿಟ್ಟು ಅಳೆಯುತ್ತಾರೆ. ಪ್ರತಿ ಸಲವೂ ಅಳೆಯುವುದಿಲ್ಲ, ಅಳೆಯಲು ಎಲ್ಲರಿಗೂ ಬರುತ್ತದೆ ಅಷ್ಟೇ. ಎದುರಿನವರು ಅಳೆಯಬಲ್ಲರು ಎಂದು ಗೊತ್ತಿರುವುದರಿಂದಲೇ ಹೊಡೆದವನು ಇಪ್ಪತ್ತಿದ್ದಲ್ಲಿ ಐವತ್ತು ಕೇಳುವುದಿಲ್ಲ.

ಅಮೆರಿಕದ ಸ್ಪರ್ಧಾ ಬೌಲಿಂಗ್ ಇದನ್ನು ಉಳಿಸಿಕೊಂಡಿದೆ. ಯಂತ್ರ ಎಣಿಸಿದರೂ ಸರದಿ ಸರದಿಯಾಗಿ ಪರಿಶೀಲಿಸಬಹುದಾದ ದಾಖಲೆ ಇರಬೇಕು. ಬರೀ ಕೊನೆಯ ಮೊತ್ತ ತೋರಿಸಿ ಕಳಿಸುವ ಹಾಗಿಲ್ಲ.

ಮಾಲ್‌ನ ಆಟಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎಂದು ನೀವು ಕೇಳಬಹುದು. ಇಂಥದೇ ಯಂತ್ರದ ಮುಂದೆ ನಾವು ದಿನಕ್ಕೆ ಎರಡು ಸಲ ನಿಲ್ಲುತ್ತೇವೆ, ಕ್ಯಾನ್ ಹಿಡಿದುಕೊಂಡು. ಡೇರಿಯಲ್ಲಿ ಹಿಂದೆ ಫ್ಯಾಟ್ ನೋಡಲು ಹಾಲಿಗೆ ಆಸಿಡ್ ಬೆರೆಸಿ, ಗಾಜಿನ ಕೊಳವೆಗಳನ್ನು ಗರಗರ ತಿರುಗಿಸಿ, ಮೇಲೆ ನಿಂತ ಕೊಬ್ಬಿನ ಗೆರೆಯನ್ನು ಕಣ್ಣಲ್ಲೇ ಓದುತ್ತಿದ್ದರು. ಅನುಮಾನ ಬಂದವರು ಬಗ್ಗಿ ನೋಡಬಹುದಿತ್ತು. ಈಗ ಯಂತ್ರ ಚೂರು ಹಾಲು ಹೀರಿ ಫ್ಯಾಟು, ಎಸ್‌ಎನ್‌ಎಫ್ ಹೇಳಿ, ದರ ಕಟ್ಟಿ ಚೀಟಿ ಹೊರಹಾಕುತ್ತದೆ. ಬೇಗ ಆಗುತ್ತದೆ, ಒಬ್ಬರ ಮುಖ ನೋಡಿ ಒಬ್ಬರಿಗೆ ಬೇರೆ ಬರೆಯುವುದು ತಪ್ಪುತ್ತದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಿನ್ನೆಗಿಂತ ಇವತ್ತು ಫ್ಯಾಟ್ ಏಕೆ ಇಳಿಯಿತು ಎಂದು ಕೇಳಿದರೆ ಬರುವ ಉತ್ತರ, "ಮಷಿನ್ ಹೇಳ್ತು ಕಣಣ್ಣ." ರೇಷನ್ ಅಂಗಡಿಯಲ್ಲಿ ದುಡಿದು ಸವೆದ ಹೆಬ್ಬೆರಳನ್ನು ಯಂತ್ರ ಗುರುತಿಸದಿದ್ದಾಗಲೂ ಅದೇ ಮಾತು.

ಬೌಲಿಂಗ್ ಲೇನ್‌ನಲ್ಲಿ ಮಷಿನ್ ಹೇಳಿತು ಎನ್ನುವುದು ಕೊನೆಯ ಮಾತಲ್ಲ. ಪಿನ್ ಎಲ್ಲರ ಕಣ್ಣೆದುರು ನಿಂತಿದೆ, ಸೂತ್ರ ಜಗತ್ತಿಗೇ ಗೊತ್ತಿದೆ, ತಿದ್ದುವ ಗುಂಡಿ ಹತ್ತು ಹೆಜ್ಜೆ ದೂರದಲ್ಲಿದೆ. ಮೋಜಿನ ಆಟಕ್ಕೆ ಇಷ್ಟು ಏರ್ಪಾಟು ಮಾಡಲು ಸಾಧ್ಯವಾಗಿದೆ. ಹಾಲಿನ ಚೀಟಿಯಲ್ಲಿ ದರ ಹೇಗೆ ಕಟ್ಟಿದರು ಎಂಬ ಸೂತ್ರವನ್ನು ಡೇರಿಯ ಗೋಡೆಗೆ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಸಲು ಎಷ್ಟು ಬಣ್ಣ ಬೇಕು? ಅದೇ ಹಾಲನ್ನು ಎದುರಿಗೇ ಇನ್ನೊಂದು ಸಲ ಪರೀಕ್ಷಿಸಿ ತೋರಿಸಿ ಎಂದು ಕೇಳಿದವರನ್ನು ಜಗಳಗಂಟರೆಂದು ನೋಡದಿರಲು ಯಾವ ಯಂತ್ರ ಬೇಕು? ನಿಮ್ಮೂರಿನ ಸಂಘದ ವಾರ್ಷಿಕ ಸಭೆಯಲ್ಲಿ ಇದನ್ನು ಕೇಳಿ, ನಡಾವಳಿಯಲ್ಲಿ ಬರೆಸಿ.

ಬೌಲಿಂಗ್ ಯಂತ್ರಗಳೂ ಈಗ ಮತ್ತೆ ಬದಲಾಗುತ್ತಿವೆ. ಹೊಸ ಮಾದರಿಗಳಲ್ಲಿ ಪ್ರತಿ ಪಿನ್ನಿನ ತಲೆಗೆ ದಾರ ಕಟ್ಟಿರುತ್ತಾರೆ, ಸೂತ್ರದ ಗೊಂಬೆಯ ಹಾಗೆ. ದಾರ ಎಳೆದರೆ ಪಿನ್ ಎದ್ದು ನಿಲ್ಲುತ್ತದೆ, ದಾರ ಎಷ್ಟು ಎಳೆಯಿತು ಎಂಬುದರಿಂದಲೇ ಬಿದ್ದದ್ದು ಗೊತ್ತಾಗುತ್ತದೆ. ಯಂತ್ರ ಸರಳ, ಕರೆಂಟ್ ಉಳಿತಾಯ, ರಿಪೇರಿ ಕಡಿಮೆ. ಆದರೆ ಒಂದು ಪಿನ್ನಿನ ದಾರ ಇನ್ನೊಂದನ್ನು ಎಳೆದು ಕೆಡವಬಹುದು, ಹಾರಬೇಕಾದ ಪಿನ್ನನ್ನು ತಡೆಯಲೂಬಹುದು. ಅಮೆರಿಕದ ಬೌಲಿಂಗ್ ಸಂಸ್ಥೆ ಪರೀಕ್ಷಿಸಿ ನೋಡಿದಾಗ ದಾರದ ಪಿನ್ನುಗಳಲ್ಲಿ ಸ್ಟ್ರೈಕ್ ಬೀಳುವುದು ಕಡಿಮೆ ಎಂದು ಕಂಡಿತು. 2023ರಲ್ಲಿ ಅದನ್ನು ಬೇರೆಯದೇ ವರ್ಗವೆಂದು ಮಾನ್ಯ ಮಾಡಿತು. ಹಳೆಯ ಯಂತ್ರದ 200ನ್ನು ದಾರದ ಯಂತ್ರದ 200ರ ಜೊತೆ ತೂಗುವಂತಿಲ್ಲ. ಯಂತ್ರ ಬದಲಾದರೆ ಅಂಕದ ಅರ್ಥವೂ ಬದಲಾಗುತ್ತದೆ ಎಂದು ಅವರು ಒಪ್ಪಿಕೊಂಡಿದ್ದನ್ನು ಮೆಚ್ಚಬೇಕು.

ಲೆಕ್ಕವನ್ನೇ ಸುಲಭ ಮಾಡುವ ದಾರಿಯನ್ನೂ ಜಾಗತಿಕ ಸಂಸ್ಥೆ ಹುಡುಕಿದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಸಿರುವ ಈ ಪದ್ಧತಿಯಲ್ಲಿ ಸಾಲ ಇಲ್ಲ, ಎಲ್ಲ ನಗದು. ಸ್ಟ್ರೈಕ್‌ಗೆ ಆ ಕ್ಷಣವೇ 30. ಸ್ಪೇರ್‌ಗೆ 10, ಜೊತೆಗೆ ಅದೇ ಸರದಿಯ ಮೊದಲ ಚೆಂಡಿಗೆ ಬಿದ್ದಷ್ಟು. ಉಳಿದಂತೆ ಬಿದ್ದ ಪಿನ್ ಎಷ್ಟೋ ಅಷ್ಟು. ಹತ್ತು ಸ್ಟ್ರೈಕ್‌ಗೆ 300, ತುದಿ ಬದಲಾಗಲಿಲ್ಲ. ಹಳಬರಿಗೆ ಇದು ಸಪ್ಪೆ. ನಮಗೆ ಒಪ್ಪಿಗೆ, ಏಕೆಂದರೆ ಹಿಂದಿನ ಸಾಲಿನಲ್ಲಿ ಕೂತ ಮಗುವೂ ಟಿವಿಗಿಂತ ಮೊದಲೇ ಮೊತ್ತ ಹೇಳಬಹುದು. ಮೇಲಿನ ನಾಲ್ಕು ಸರದಿಯನ್ನೇ ತೆಗೆದುಕೊಳ್ಳಿ. ಸ್ಟ್ರೈಕ್‌ಗೆ 30. ಏಳು ಎರಡು ಒಂಬತ್ತು, 39. ಆರು ಬಿದ್ದು ಆದ ಸ್ಪೇರ್‌ಗೆ 16, ಒಟ್ಟು 55. ಎಂಟು ಒಂದು ಒಂಬತ್ತು, 64. ಹಳೆಯ ಲೆಕ್ಕದಲ್ಲಿ ಇದೇ ಆಟಕ್ಕೆ 55 ಬಂದಿತ್ತು.